ಬರ ನೋಡುವ ಕಣ್ಣು

ಹೊಳೆ ಉಕ್ಕಿ ಊರಿಗೆ ನುಗ್ಗಿದರೆ ಅದು ಬಂದ ದಿನ, ಬಂದ ಗಳಿಗೆ ಊರವರಿಗೆಲ್ಲ ನೆನಪಿರುತ್ತದೆ. ಬರ ಯಾವತ್ತು ಬಂತು ಎಂದು ಕೇಳಿ ನೋಡಿ. ಯಾರೂ ಒಂದು ದಿನವನ್ನು ಬೊಟ್ಟು ಮಾಡಿ ಹೇಳಲಾರರು. ರೋಹಿಣಿ ಹುಸಿಹೋಯಿತು, ಮೃಗಶಿರ ನಾಲ್ಕು ಹನಿ ಉದುರಿಸಿ ಮುಂದೆ ಸಾಗಿತು, ಆರಿದ್ರೆಯಲ್ಲಿ ಬಿತ್ತಿದ್ದು ಪುಷ್ಯದ ಹೊತ್ತಿಗೆ ಬಾಡಿತು, ಉತ್ತರೆಯಾದರೂ ಕೈಹಿಡಿದೀತು ಎಂದು ಕಾದದ್ದಾಯಿತು. ಹೀಗೆ ಆಸೆಯ ಮೇಲೆ ಆಸೆ ಇಟ್ಟುಕೊಂಡೇ ನಮ್ಮ ಬಯಲುಸೀಮೆಯವರು ಬರದ ಒಳಗೆ ಕಾಲಿಟ್ಟುಬಿಟ್ಟಿರುತ್ತಾರೆ. ಮನೆಯ ಹೆಂಗಸಿಗೆ ಮಾತ್ರ ಅದು ಸ್ವಲ್ಪ ಮೊದಲೇ ತಿಳಿಯುತ್ತದೆ. ವಾಡೆಯ ರಾಗಿ ಯಾವ ತಿಂಗಳಿಗೆ ತಳ ಕಾಣುತ್ತದೆ, ಎಮ್ಮೆಗೆ ಮೇವು ಇನ್ನೆಷ್ಟು ದಿನ ಬಂದೀತು, ಬೋರ್‌ವೆಲ್ಲಿನ ಮುಂದೆ ಕೊಡಗಳ ಸಾಲು ನಿನ್ನೆಗಿಂತ ಎಷ್ಟು ಉದ್ದವಾಗಿದೆ ಎಂಬ ಲೆಕ್ಕ ಅವಳ ತಲೆಯಲ್ಲಿ ಸದಾ ಓಡುತ್ತಿರುತ್ತದೆ.

ಆದರೆ ಅವಳು ಕಂಡ ಬರ ಸರ್ಕಾರ ಕಂಡ ಬರವಾಗಬೇಕಲ್ಲ! ಆ ಎರಡರ ನಡುವೆ ಎಷ್ಟು ದಿನ ಕಳೆಯುತ್ತದೆ ಎಂಬುದರ ಮೇಲೆ ಎಷ್ಟೋ ಜೀವಗಳು, ಎಷ್ಟೋ ಸಂಸಾರಗಳು ನಿಂತಿರುತ್ತವೆ. ಚಳ್ಳಕೆರೆ ಸೀಮೆಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ನನಗೆ ಈ ವಿಷಯ ಬಹಳ ವರ್ಷಗಳಿಂದ ಕಾಡುತ್ತಲೇ ಇದೆ. ಪಠ್ಯಪುಸ್ತಕದಲ್ಲಿ ಯುದ್ಧಗಳಿಗೆ ಪುಟಗಟ್ಟಲೆ ಜಾಗ. ಬರಕ್ಕೆ ಒಂದೋ ಎರಡೋ ಸಾಲು. ಯಾವ ಯುದ್ಧದಲ್ಲೂ ಸಾಯದಷ್ಟು ಜನ ಬರದಲ್ಲಿ ಸತ್ತಿದ್ದಾರೆ ಎಂದು ಹೇಳಿದರೆ ಮಕ್ಕಳು ನಂಬದವರಂತೆ ನೋಡುತ್ತವೆ. ಆದ್ದರಿಂದ ಬರದ ಇತಿಹಾಸಕ್ಕಿಂತಲೂ ಬರವನ್ನು 'ನೋಡಿದ' ಇತಿಹಾಸವನ್ನು ಇಲ್ಲಿ ಬರೆಯೋಣವೆನಿಸಿತು. ಶಾನುಭೋಗರ ಕಡತದಿಂದ ಹಿಡಿದು ಆಕಾಶದಲ್ಲಿ ಸುತ್ತುವ ಉಪಗ್ರಹದವರೆಗೆ ಆ ಕಥೆ ಹಬ್ಬಿದೆ.

ನಮ್ಮಜ್ಜಿಯ ಅತ್ತೆ ಬರಗಳನ್ನು ಇಸವಿಯಿಂದ ಗುರುತಿಸುತ್ತಿರಲಿಲ್ಲವಂತೆ, ಸಂವತ್ಸರದಿಂದ ಗುರುತಿಸುತ್ತಿದ್ದರಂತೆ. ಅಜ್ಜಿಯ ಬಾಯಲ್ಲಿ ಬರುತ್ತಿದ್ದ 'ಧಾತು ಈಶ್ವರ' ಎಂಬ ಎರಡು ಹೆಸರುಗಳು ದೇವರ ಹೆಸರೆಂದೇ ಚಿಕ್ಕಂದಿನಲ್ಲಿ ತಿಳಿದಿದ್ದೆ. ಕಾಲೇಜಿಗೆ ಬಂದ ಮೇಲೆ ಗೊತ್ತಾಯಿತು, ಅವು ೧೮೭೬ರಿಂದ ೧೮೭೮ರವರೆಗಿನ ಎರಡು ಸಂವತ್ಸರಗಳು, ದಕ್ಷಿಣ ಭಾರತವನ್ನು ಸುಟ್ಟುಹೋದ ಮಹಾ ಕ್ಷಾಮದ ವರ್ಷಗಳು ಎಂದು. ಅದಕ್ಕೂ ಹಿಂದೆ ೧೭೯೧–೯೨ರಲ್ಲಿ ಬಿಜಾಪುರದ ಕಡೆ ಬಂದ ಬರಕ್ಕೆ 'ಡೋಗಿ ಬರ' ಎಂಬ ಹೆಸರು ಗ್ಯಾಜೆಟಿಯರಿನಲ್ಲಿ ಸಿಗುತ್ತದೆ. ಡೋಗಿ ಎಂದರೆ ತಲೆಬುರುಡೆ. ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ಬುರುಡೆಗಳೇ ಆ ಬರಕ್ಕೆ ಹೆಸರಿಟ್ಟವು. ಅಂದರೆ ಆಗಿನ ಕಾಲಕ್ಕೆ ಬರವನ್ನು ಅಳೆಯುವ ಅಳತೆಗೋಲು ಸತ್ತವರ ಎಣಿಕೆ ಒಂದೇ.

ಧಾತು ಬರದಲ್ಲೂ ಹೆಚ್ಚು ಕಡಿಮೆ ಹಾಗೆಯೇ ಆಯಿತು. ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ೧೮೭೧ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨. ಹತ್ತು ವರ್ಷ ಕಳೆದು ೧೮೮೧ರಲ್ಲಿ ಎಣಿಸಿದಾಗ ೪೧,೮೬,೧೮೮. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನ ಬೆಳೆಯಲಿಲ್ಲ ಎಂಬುದಿರಲಿ, ಇದ್ದವರಲ್ಲೇ ಎಂಟೂಮುಕ್ಕಾಲು ಲಕ್ಷಕ್ಕೆ ಸಮೀಪ ಕಡಿಮೆಯಾದರು. ಆರು ಜನರಿದ್ದ ಮನೆಯಲ್ಲಿ ಒಬ್ಬರು ಹೋದ ಹಾಗೆ. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು ೧೮೭೫ರಲ್ಲಿ, ಈ ಬರಕ್ಕೆ ಒಂದೇ ವರ್ಷ ಮೊದಲು. ಕೂಸು ಇನ್ನೂ ತೊಟ್ಟಿಲಲ್ಲಿತ್ತು.

ಮಳೆ ಕೈಕೊಟ್ಟದ್ದು ಅಧಿಕಾರಿಗಳಿಗೆ ಕಾಣಲಿಲ್ಲವೆಂದಲ್ಲ. ಕಂಡದ್ದನ್ನು ಬರವೆಂದು ಒಪ್ಪಿಕೊಂಡರೆ ಖಜಾನೆ ಬಿಚ್ಚಬೇಕಲ್ಲ ಎಂಬುದೇ ಅವರ ಚಿಂತೆ. ೧೮೭೭ರಲ್ಲಿ ಸರ್ ರಿಚರ್ಡ್ ಟೆಂಪಲ್ ಮದ್ರಾಸು ಪ್ರಾಂತ್ಯಕ್ಕೆ ಬಂದು ಬರ ಕಾಮಗಾರಿಯ ಕೂಲಿಯನ್ನು ಇಳಿಸಿದ. ದಿನವಿಡೀ ಕಲ್ಲು ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡು, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ, ಜೊತೆಗೆ ಒಂದು ಆಣೆ. ಹೆಣ್ಣಾಳಿಗೆ ಅದಕ್ಕಿಂತಲೂ ಕಡಿಮೆ. ಇಷ್ಟರಲ್ಲಿ ಕೆಲಸ ಮಾಡುವ ಜೀವ ಉಳಿಯುವುದಿಲ್ಲವೆಂದು ಮದ್ರಾಸಿನ ಆರೋಗ್ಯ ಕಮಿಷನರ್ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಿದ. ನಾವಿಂದು ಕಿಟಕಿಯ ಪಕ್ಕ ಕೂತು ಮದ್ದೂರು ವಡೆ ತಿನ್ನುತ್ತ ಹೋಗುವ ಬೆಂಗಳೂರು–ಮೈಸೂರು ರೈಲುಮಾರ್ಗವಿದೆಯಲ್ಲ, ಅದರ ಕೆಲಸ ಆರಂಭವಾದದ್ದು ಆ ಕ್ಷಾಮದ ಪರಿಹಾರ ಕಾಮಗಾರಿಯಾಗಿಯೇ.

ಇಷ್ಟು ಸಾವು ಕಂಡ ಮೇಲೆ ಸರ್ಕಾರ ಸರ್ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯಲ್ಲಿ ಕ್ಷಾಮ ಆಯೋಗವನ್ನು ನೇಮಿಸಿತು. ೧೮೮೦ರಲ್ಲಿ ವರದಿ ಬಂತು, ೧೮೮೩ರಲ್ಲಿ ಕ್ಷಾಮ ಸಂಹಿತೆ ಬಂತು. ಬರ ಬರುತ್ತಿದೆ ಎಂದು ತಿಳಿಯುವುದು ಹೇಗೆ ಎಂದು ಬರೆದಿಟ್ಟ ನಮ್ಮ ದೇಶದ ಮೊದಲ ನಿಯಮಾವಳಿ ಇದೇ ಎನ್ನಬಹುದು. ಮಳೆಯ ಲೆಕ್ಕದ ಜೊತೆಗೆ ಕೆಲವು ಸೂಚನೆಗಳನ್ನು ಗಮನಿಸಿ ಎಂದು ಅದು ಅಧಿಕಾರಿಗಳಿಗೆ ಹೇಳಿತು: ಧಾನ್ಯದ ಬೆಲೆ ಏರುವುದು, ಸಾಲ ಹುಟ್ಟದಿರುವುದು, ಭಿಕ್ಷೆ ನೀಡುವ ಕೈಗಳು ಕಡಿಮೆಯಾಗುವುದು, ಕಳ್ಳತನ ಹೆಚ್ಚುವುದು, ಜನ ಗುರಿಯಿಲ್ಲದೆ ಊರೂರು ಅಲೆಯುವುದು. ಓದಿದಾಗ ನನಗೆ ಒಂದು ಬಗೆಯ ಸಂಕಟವಾಯಿತು. ಇವೆಲ್ಲ ಬರದ ಮುನ್ಸೂಚನೆಗಳಲ್ಲವಲ್ಲ! ಜನ ಮನೆ ಬಿಟ್ಟು ಬೀದಿಗೆ ಬಂದಿರುವಾಗ ಬರ ಬಂದು ನಾಲ್ಕು ತಿಂಗಳಾಗಿರುತ್ತದೆ. ಆದರೂ ಸತ್ತವರನ್ನು ಎಣಿಸುವುದಕ್ಕಿಂತ ಬದುಕಿರುವವರನ್ನು ಗಮನಿಸುವುದು ಒಂದು ಹೆಜ್ಜೆ ಮುಂದೆ ಎಂದೇ ಹೇಳಬೇಕು.

ಹಳ್ಳಿಯ ಮಟ್ಟದಲ್ಲಿ ಬರ ಅಳೆಯುವ ಇನ್ನೊಂದು ಪದ್ಧತಿ ಆಣೆವಾರಿ. ರೂಪಾಯಿಗೆ ಹದಿನಾರಾಣೆ ಇದ್ದ ಕಾಲದ್ದು ಇದು. ಪೂರ್ತಿ ಬೆಳೆ ಬಂದರೆ ಹದಿನಾರಾಣೆ ಬೆಳೆ, ಅರ್ಧ ಬಂದರೆ ಎಂಟಾಣೆ, ಕಾಲು ಬಂದರೆ ನಾಲ್ಕಾಣೆ. ಶಾನುಭೋಗರು ಹೊಲದ ಬದುವಿನ ಮೇಲೆ ನಿಂತು ಕಣ್ಣಂದಾಜಿನಲ್ಲಿ ಹೇಳಿದ ಆಣೆ ಮೇಲಕ್ಕೆ ಹೋಗುತ್ತಿತ್ತು. ಎಷ್ಟಾಣೆಗಿಂತ ಕೆಳಗಿಳಿದರೆ ಎಷ್ಟು ಕಂದಾಯ ಬಿಡಬೇಕೆಂಬುದಕ್ಕೆ ಪ್ರಾಂತ್ಯಕ್ಕೊಂದು ಲೆಕ್ಕವಿತ್ತು. ಒಂದು ಆಣೆ ಹೆಚ್ಚು ಬರೆದರೆ ಊರಿಗೆಲ್ಲ ಕಂದಾಯದ ಹೊರೆ, ಒಂದು ಆಣೆ ಕಡಿಮೆ ಬರೆದರೆ ಸರ್ಕಾರಕ್ಕೆ ನಷ್ಟ. ಶಾನುಭೋಗರಿಗೆ ಆಗದವರ ಕೇರಿಯಲ್ಲಿ ಬೆಳೆ ಯಾವಾಗಲೂ ಚೆನ್ನಾಗಿಯೇ ಬರುತ್ತಿತ್ತು ಎಂಬ ತಮಾಷೆ ನಮ್ಮ ಕಡೆ ಇದೆ. ೧೯೫೭ರಲ್ಲಿ ದಶಮಾಂಶ ನಾಣ್ಯ ಬಂದು ಆಣೆ ಸಂತೆಯಿಂದ ಮಾಯವಾಯಿತು. ಕಂದಾಯದ ಕಡತದಲ್ಲಿ ಮಾತ್ರ ಅದರ ಹೆಸರು ಬಹಳ ಕಾಲ ಉಳಿಯಿತು.

ಕಣ್ಣಂದಾಜಿನ ಈ ದೋಷ ಕಳೆಯಲು ೧೯೪೦ರ ದಶಕದಲ್ಲಿ ಪಿ.ಸಿ. ಮಹಲನೋಬಿಸ್, ಪಿ.ವಿ. ಸುಖಾತ್ಮೆಯವರಂಥ ಸಂಖ್ಯಾಶಾಸ್ತ್ರಜ್ಞರು ಬೆಳೆ ಕಟಾವು ಪ್ರಯೋಗವನ್ನು ರೂಪಿಸಿದರು. ಚೀಟಿ ಎತ್ತಿದ ಹಾಗೆ ಹೊಲಗಳನ್ನು ಆರಿಸಿ, ಅದರಲ್ಲಿ ಒಂದು ಸಣ್ಣ ಮಡಿಯನ್ನು ಅಳೆದು, ಕೊಯ್ದು, ಒಕ್ಕಿ, ತೂಗಿ ಇಳುವರಿ ಲೆಕ್ಕ ಹಾಕುವುದು. ಅನ್ನ ಬೆಂದಿದೆಯೇ ಎಂದು ನೋಡಲು ನಾವು ಒಂದು ಅಗುಳು ಹಿಸುಕುವುದಿಲ್ಲವೇ, ಹಾಗೆ. ಇದರಲ್ಲಿ ಪಕ್ಷಪಾತಕ್ಕೆ ಎಡೆ ಕಡಿಮೆ. ಆದರೆ ಕಟಾವು ಪ್ರಯೋಗ ಮಾಡಬೇಕಾದರೆ ಕಟಾವಿನ ಕಾಲ ಬರಬೇಕು. ಆಷಾಢ ಶ್ರಾವಣದಲ್ಲಿ ಒಣಗಿದ ಬೆಳೆಯ ಲೆಕ್ಕ ಸರ್ಕಾರಕ್ಕೆ ಸಿಗುವುದು ಕಾರ್ತಿಕ ಮಾರ್ಗಶಿರದಲ್ಲಿ. ಅಷ್ಟರಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಬೀಗ ಬಿದ್ದಿರುತ್ತದೆ.

ಇದು ನಾನು ಕಂಡ ಸಂಗತಿ. ಬರದ ವರ್ಷಗಳಲ್ಲಿ ದೀಪಾವಳಿ ಮುಗಿದ ಮೇಲೆ ನನ್ನ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಸಾಲುಗಟ್ಟುತ್ತಿದ್ದವು. ವಿಚಾರಿಸಿದರೆ ಅಪ್ಪ ಅಮ್ಮ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದರು, ಕಾಫಿ ಸೀಮೆಗೆ ಹೋದರು ಎಂಬ ಉತ್ತರ. ಗಂಡುಮಕ್ಕಳು ಅಜ್ಜಿಯ ಬಳಿ ಉಳಿದು ಶಾಲೆಗೆ ಬರುತ್ತಿದ್ದರು. ಹೆಣ್ಣುಮಕ್ಕಳು ತಮ್ಮ ತಂಗಿಯರನ್ನು ಎತ್ತಿಕೊಳ್ಳಲು, ಗುಡಿಸಲಲ್ಲಿ ಅಡಿಗೆ ಮಾಡಲು ಜೊತೆಗೆ ಹೋಗುತ್ತಿದ್ದರು. ಎಂಟನೇ ತರಗತಿಯಲ್ಲಿ ಹೀಗೆ ಹೋದ ಹುಡುಗಿ ಯುಗಾದಿಗೆ ಊರಿಗೆ ಬಂದರೂ ಒಂಬತ್ತನೇ ತರಗತಿಗೆ ಬರುವುದು ಅಪರೂಪ. ಅಷ್ಟರಲ್ಲಿ ಮದುವೆಯ ಮಾತು ಎದ್ದಿರುತ್ತಿತ್ತು. ಬರದ ವರದಿ ಎರಡು ತಿಂಗಳು ಮೊದಲು ಬರುವುದಕ್ಕೂ ಆಮೇಲೆ ಬರುವುದಕ್ಕೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ ನಾನು ಆ ಹಾಜರಿ ಪುಸ್ತಕಗಳನ್ನು ತೋರಿಸಬಲ್ಲೆ.

ಇನ್ನು ಆಕಾಶದ ಕಥೆಗೆ ಬರೋಣ. ೧೯೭೨ ನಮ್ಮ ತಾಯಂದಿರು ಮರೆಯದ ವರ್ಷ. ರೇಷನ್ನಿನ ಕೆಂಪು ಜೋಳದ ರೊಟ್ಟಿ ತಟ್ಟಿದರೆ ಅಂಚು ಒಡೆಯುತ್ತಿತ್ತು ಎಂದು ನಮ್ಮಮ್ಮ ಕೊನೆಯವರೆಗೂ ಹೇಳುತ್ತಿದ್ದರು. ಮಹಾರಾಷ್ಟ್ರ, ಉತ್ತರ ಕರ್ನಾಟಕ, ನಮ್ಮ ಬಯಲುಸೀಮೆ ಎಲ್ಲ ಒಣಗಿ ನಿಂತಿದ್ದ ಅದೇ ವರ್ಷದ ಜುಲೈ ೨೩ರಂದು ಅಮೆರಿಕದವರು, ಮುಂದೆ ಲ್ಯಾಂಡ್‌ಸ್ಯಾಟ್ ಎಂದು ಹೆಸರಾದ ಮೊದಲ ಭೂವೀಕ್ಷಣಾ ಉಪಗ್ರಹವನ್ನು ಹಾರಿಸಿದರು. ನೆಲದ ಬೆಳೆ, ಕಾಡು, ನೀರುಗಳನ್ನು ನೋಡುವುದಕ್ಕೆಂದೇ ಮಾಡಿದ ಕಣ್ಣು ಅದು. ಆ ವರ್ಷ ಆ ಕಣ್ಣಿನಿಂದ ನಮಗೇನೂ ಉಪಯೋಗವಾಗಲಿಲ್ಲ. ಅದರ ಸಂಕೇತಗಳನ್ನು ನೇರವಾಗಿ ಹಿಡಿಯುವ ನೆಲೆ ಹೈದರಾಬಾದಿನ ಹತ್ತಿರದ ಶಾದ್‌ನಗರದಲ್ಲಿ ಆದದ್ದು ೧೯೭೯ರಲ್ಲಿ.

ಹಾಗೆಂದು ನಮ್ಮವರು ಕೈಕಟ್ಟಿ ಕೂತಿರಲಿಲ್ಲ. ೧೯೭೦ರಲ್ಲೇ ಪಿಷಾರತ್ ರಾಮ ಪಿಷಾರೋಟಿಯವರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರ ತೆಗೆಸಿದ್ದರು. ಬೇರಿನ ರೋಗ ತಗುಲಿದ ಮರಗಳು ಆ ಚಿತ್ರದಲ್ಲಿ ಬೇರೆಯಾಗಿಯೇ ಕಂಡವು. ಭಾರತದ ದೂರಸಂವೇದನೆಯ ಪಿತಾಮಹ ಎಂದು ಅವರನ್ನು ಕರೆಯುವುದು ಇದಕ್ಕಾಗಿಯೇ. ೧೯೭೪ರಲ್ಲಿ ಹೈದರಾಬಾದಿನಲ್ಲಿ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಹುಟ್ಟಿತು.

ನೂರಾರು ಮೈಲಿ ಎತ್ತರದಿಂದ ಎಲೆ ಬಾಡಿದ್ದು ಹೇಗೆ ತಿಳಿಯುತ್ತದೆ ಎಂದು ನೀವು ಕೇಳಬಹುದು. ವಿಜ್ಞಾನ ನನ್ನ ವಿಷಯವಲ್ಲ. ಮಕ್ಕಳಿಗೆ ಹೇಳುವಂತೆ ಹೇಳುತ್ತೇನೆ. ಬಿಸಿಲಿನಲ್ಲಿ ಕಾಮನಬಿಲ್ಲಿನ ಬಣ್ಣಗಳೆಲ್ಲ ಇವೆ. ಕೆಂಪಿನ ಆಚೆ ನಮ್ಮ ಕಣ್ಣಿಗೆ ಕಾಣದ ಇನ್ನೊಂದು ಬೆಳಕಿದೆ, ಅದೇ ಅವಕೆಂಪು. ೧೮೦೦ರಲ್ಲಿ ವಿಲಿಯಂ ಹರ್ಷಲ್ ಎಂಬ ಖಗೋಳಜ್ಞ ಕೆಂಪು ಬಣ್ಣದ ಆಚೆ ಥರ್ಮಾಮೀಟರ್ ಇಟ್ಟು ಇದನ್ನು ಕಂಡುಹಿಡಿದ. ಆರೋಗ್ಯವಾದ ಎಲೆ ತನ್ನ ಪತ್ರಹರಿತ್ತಿನಿಂದ ಕೆಂಪು ಬೆಳಕನ್ನು ಊಟ ಮಾಡಿಬಿಡುತ್ತದೆ. ಅವಕೆಂಪನ್ನು ಮಾತ್ರ ಬೇಡವೆಂದು ಹಿಂದಕ್ಕೆ ತಳ್ಳುತ್ತದೆ. ಎಲೆ ಸೊರಗಿದಂತೆ ಅದು ಕೆಂಪನ್ನು ಸರಿಯಾಗಿ ಉಣ್ಣಲಾರದು, ಅವಕೆಂಪನ್ನು ಮೊದಲಿನಷ್ಟು ತಳ್ಳಲಾರದು. ಹಸಿದ ಮಗುವನ್ನು ತಟ್ಟೆ ನೋಡಿ ಗುರುತಿಸುತ್ತೇವೆ. ಸೊರಗಿದ ಎಲೆಯನ್ನೂ ಅದು ತಟ್ಟೆಯಲ್ಲಿ ಬಿಟ್ಟ ಬೆಳಕಿನಿಂದ ಗುರುತಿಸಬಹುದು.

ಲೆಕ್ಕವೂ ಸುಲಭ. ಅವಕೆಂಪಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸುವುದು. ಒಂದು ಹೊಲ ಅವಕೆಂಪನ್ನು ನೂರಕ್ಕೆ ೫೦ರಷ್ಟು, ಕೆಂಪನ್ನು ೮ರಷ್ಟು ಹಿಂದಕ್ಕೆ ಕಳಿಸಿತೆನ್ನಿ. ೪೨ನ್ನು ೫೮ರಿಂದ ಭಾಗಿಸಿದರೆ ಸುಮಾರು ೦.೭೨. ಒಳ್ಳೆಯ ಬೆಳೆ. ಇನ್ನೊಂದು ಹೊಲ ೩೦ ಮತ್ತು ೨೦ ಕಳಿಸಿದರೆ ೧೦ನ್ನು ೫೦ರಿಂದ ಭಾಗಿಸಿ ೦.೨. ಅಲ್ಲಿ ಬೆಳೆಗಿಂತ ಮಣ್ಣೇ ಹೆಚ್ಚು ಕಾಣುತ್ತಿದೆ ಎಂದರ್ಥ. ಈ ಸಸ್ಯ ಸೂಚ್ಯಂಕವನ್ನು ೧೯೭೩ರ ಸುಮಾರಿಗೆ ಅಮೆರಿಕದ ಟೆಕ್ಸಾಸಿನ ಸಂಶೋಧಕರು ಅಲ್ಲಿನ ಹುಲ್ಲುಗಾವಲು ಸೀಮೆಗೆಂದು ಬಳಸಿದರು. ೧೯೮೧ರಲ್ಲಿ ಹಾರಿದ ನೋವಾ-೭ ಎಂಬುದು ಹವಾಮಾನದ ಉಪಗ್ರಹ, ಮುಖ್ಯವಾಗಿ ಮೋಡ ನೋಡುವುದು ಅದರ ಕೆಲಸ. ಅದರ ಕಣ್ಣಿನಲ್ಲಿ ಕೆಂಪು, ಅವಕೆಂಪು ಎರಡೂ ಇವೆಯಲ್ಲ, ದಿನವೂ ಭೂಮಿಯನ್ನೆಲ್ಲ ನೋಡುತ್ತದಲ್ಲ, ಇದರಿಂದಲೇ ಬೆಳೆ ನೋಡಬಹುದಲ್ಲ ಎಂದು ನಾಸಾದ ಕಾಂಪ್ಟನ್ ಟಕರ್ ಮತ್ತು ಜೊತೆಯವರು ತೋರಿಸಿಕೊಟ್ಟರು. ೧೯೮೪ರಲ್ಲಿ ಇಥಿಯೋಪಿಯಾದ ಕ್ಷಾಮ ಜಗತ್ತನ್ನು ಅಲುಗಿಸಿದ ಮೇಲೆ, ೧೯೮೫ರಲ್ಲಿ ಆಫ್ರಿಕಕ್ಕೆಂದು ಶುರುವಾದ ಕ್ಷಾಮ ಮುನ್ನೆಚ್ಚರಿಕೆ ವ್ಯವಸ್ಥೆಗೆ ಈ ಸೂಚ್ಯಂಕ ಒಂದು ಆಧಾರವಾಯಿತು.

ನಮ್ಮ ದೇಶಕ್ಕೆ ಕಣ್ಣು ತೆರೆಸಿದ್ದು ೧೯೮೭ರ ಬರ. ಆ ವರ್ಷ ದೇಶದ ಮುಂಗಾರು ವಾಡಿಕೆಗಿಂತ ಶೇಕಡಾ ೧೯ರಷ್ಟು ಕಡಿಮೆಯಾಯಿತು. ಕರ್ನಾಟಕಕ್ಕೆ ಅದು ಬರದ ಮೇಲೆ ಬಂದ ಬರ. ಬರಗಾಲದಲ್ಲಿ ಅಧಿಕಮಾಸ ಎಂಬ ಗಾದೆಯನ್ನು ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ. ೧೯೮೮ರಲ್ಲಿ ಕರ್ನಾಟಕ ಸರ್ಕಾರ ಬೆಂಗಳೂರಿನಲ್ಲಿ ಬರ ಉಸ್ತುವಾರಿ ಕೋಶವನ್ನು ತೆರೆಯಿತು. ದೇಶದಲ್ಲೇ ಇಂಥದು ಮೊದಲನೆಯದು. ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವುದು ಅದೇ ಸಂಸ್ಥೆ. ಅದೇ ೧೯೮೮ರ ಮಾರ್ಚ್ ೧೭ರಂದು, ಉಡುಪಿಯ ಯು.ಆರ್. ರಾಯರು ಇಸ್ರೋ ಅಧ್ಯಕ್ಷರಾಗಿದ್ದಾಗ, ಬೆಂಗಳೂರಿನಲ್ಲಿ ಸಿದ್ಧವಾದ ನಮ್ಮದೇ ದೂರಸಂವೇದಿ ಉಪಗ್ರಹ ಐಆರ್‌ಎಸ್-೧ಎ ರಷ್ಯನ್ನರ ಬೈಕನೂರಿನಿಂದ ಮೇಲೇರಿತು. ೧೯೮೯ರಲ್ಲಿ ಹೈದರಾಬಾದಿನ ಸಂಸ್ಥೆ ದೇಶದ ಕೃಷಿ ಬರವನ್ನು ಉಪಗ್ರಹದಿಂದ ಗಮನಿಸುವ ಯೋಜನೆಯನ್ನು ಕೈಗೆತ್ತಿಕೊಂಡಿತು. 'ನಾಡಮ್ಸ್' ಎಂದು ಅದರ ಚಿಕ್ಕ ಹೆಸರು. ಮುಂಗಾರಿನ ತಿಂಗಳುಗಳಲ್ಲಿ ಯಾವ ಜಿಲ್ಲೆಯ ಬೆಳೆ ಹೇಗಿದೆ ಎಂಬ ವರದಿ ರಾಜ್ಯಗಳಿಗೆ ಹೋಗತೊಡಗಿತು. ಬೆಳೆ ಇನ್ನೂ ಹೊಲದಲ್ಲಿರುವಾಗಲೇ ಬರದ ಸುದ್ದಿ ಸರ್ಕಾರದ ಮೇಜಿಗೆ ಬಂದದ್ದು ಇದೇ ಮೊದಲು.

ಇಲ್ಲೊಂದು ಸ್ವಾರಸ್ಯ ನೋಡಿ. ಮುಂಗಾರಿನಲ್ಲಿ ಮೋಡ ಕವಿದಿದ್ದರೆ ಈ ಉಪಗ್ರಹಕ್ಕೆ ನೆಲ ಕಾಣದು. ಆದ್ದರಿಂದ ಸುಮಾರು ಹದಿನೈದು ದಿನಗಳ ಚಿತ್ರಗಳನ್ನು ಕೂಡಿಸಿ, ಒಂದೊಂದು ಜಾಗಕ್ಕೂ ಮೋಡವಿಲ್ಲದ ದಿನದ ಅತಿ ಹಸಿರಾದ ಅಂಕಿಯನ್ನು ಆರಿಸಿ ಒಂದು ನಕ್ಷೆ ಮಾಡುತ್ತಾರೆ. ನಮ್ಮ ಹಿರಿಯರ ಮಳೆ ನಕ್ಷತ್ರಗಳೂ ಒಂದೊಂದು ಹದಿಮೂರು ಹದಿನಾಲ್ಕು ದಿನಗಳವೇ ಅಲ್ಲವೇ? ಬೆಳೆಯ ಬದುಕನ್ನು ಅರಿಯಬೇಕಾದರೆ ದಿನ ತೀರ ಚಿಕ್ಕದು, ತಿಂಗಳು ತೀರ ದೊಡ್ಡದು ಎಂಬ ತಿಳಿವಳಿಕೆಗೆ ಆರಿದ್ರೆ ಪುಷ್ಯವೆಂದವರೂ ಬಂದಿದ್ದರು, ಕಂಪ್ಯೂಟರಿನ ಮುಂದೆ ಕೂತವರೂ ಬಂದರು.

ಹೋಲಿಕೆಯ ವಿಷಯದಲ್ಲೂ ವಿಜ್ಞಾನಿಗಳು ಜಾಣತನ ತೋರಿದರು. ಮಲೆನಾಡಿನ ಹಸಿರಿಗೆ ಚಳ್ಳಕೆರೆಯ ಹಸಿರನ್ನು ಹೋಲಿಸಿದರೆ ಚಳ್ಳಕೆರೆ ಯಾವಾಗಲೂ ನಪಾಸೇ. ಆದ್ದರಿಂದ ಫೆಲಿಕ್ಸ್ ಕೋಗನ್ ಎಂಬ ವಿಜ್ಞಾನಿ ೧೯೯೦ರ ದಶಕದಲ್ಲಿ ಬಳಕೆಗೆ ತಂದ ಸಸ್ಯಸ್ಥಿತಿ ಸೂಚ್ಯಂಕದಲ್ಲಿ, ಒಂದು ಜಾಗವನ್ನು ಅದೇ ಜಾಗದ ಹಿಂದಿನ ವರ್ಷಗಳ ಜೊತೆಗೇ ಹೋಲಿಸುತ್ತಾರೆ. ಒಂದು ತಾಲೂಕಿನ ಅಂಕಿ ಹಿಂದಿನ ವರ್ಷಗಳ ಇದೇ ಪಕ್ಷದಲ್ಲಿ ಹೆಚ್ಚೆಂದರೆ ೦.೬, ಕಡಿಮೆಯೆಂದರೆ ೦.೨ ಇತ್ತೆನ್ನಿ. ಈ ವರ್ಷ ೦.೨೮ ಬಂದರೆ ನೂರಕ್ಕೆ ಇಪ್ಪತ್ತು ಅಂಕ. ನಲವತ್ತಕ್ಕಿಂತ ಕೆಳಗಿಳಿದರೆ ಬೆಳೆಯ ಸ್ಥಿತಿ ಕಳಪೆ ಎಂದೇ ಲೆಕ್ಕ. ಒಬ್ಬ ಹುಡುಗಿಯ ಪ್ರಗತಿಯನ್ನು ಪಕ್ಕದ ಹುಡುಗಿಯ ಅಂಕಪಟ್ಟಿಯಿಂದ ಅಳೆಯಬಾರದು, ಅವಳದೇ ಹಿಂದಿನ ಅಂಕಪಟ್ಟಿಯಿಂದ ಅಳೆಯಬೇಕು ಎಂದು ನಮಗೆ ಬಿ.ಎಡ್.ನಲ್ಲಿ ಹೇಳಿಕೊಟ್ಟದ್ದೂ ಇದನ್ನೇ.

ಕಣ್ಣು ವರ್ಷದಿಂದ ವರ್ಷಕ್ಕೆ ಚುರುಕಾಯಿತು. ನೋವಾ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕಿಯೆಂದರೆ ನೆಲದ ಮೇಲೆ ೧.೧ ಕಿಲೋಮೀಟರಿನ ಚೌಕ, ಹತ್ತಿರ ಹತ್ತಿರ ೩೦೦ ಎಕರೆ. ನಾಲ್ಕೆಕರೆಯ ರೈತ ಅದರಲ್ಲಿ ಎಲ್ಲಿ ಕಂಡಾನು! ೧೯೯೫ರ ಕೊನೆಗೆ ಹಾರಿದ ಐಆರ್‌ಎಸ್-೧ಸಿಯ ಒಂದು ಕ್ಯಾಮೆರಾದಲ್ಲಿ ಚುಕ್ಕಿಯ ಅಗಲ ೧೮೮ ಮೀಟರಿಗೆ ಇಳಿಯಿತು. ಆಗ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಿಗೆ ತಾಲೂಕು ಮಟ್ಟದ ವರದಿ ಸಿಗುವಂತಾಯಿತು. ೨೦೦೩ರ ಉಪಗ್ರಹದಲ್ಲಿ ಅದು ೫೬ ಮೀಟರು, ಮುಕ್ಕಾಲೆಕರೆಯಷ್ಟು. ೨೦೧೫ರಿಂದ ಯುರೋಪಿನವರ ಸೆಂಟಿನೆಲ್ ಉಪಗ್ರಹ ೧೦ ಮೀಟರಿನ ಚೌಕವನ್ನು ನೋಡುತ್ತಿದೆ. ಹತ್ತು ಮೀಟರಿನ ಚೌಕವೆಂದರೆ ಲೆಕ್ಕಕ್ಕೆ ಒಂದು ಗುಂಟೆ! ಮೋಡವನ್ನು ತೂರಿ ನೋಡುವ ರೇಡಾರ್ ಉಪಗ್ರಹಗಳೂ ಬಂದಿವೆ. ೨೦೧೨ರಲ್ಲಿ ನಮ್ಮದೇ ರೈಸ್ಯಾಟ್-೧, ೨೦೨೫ರ ಜುಲೈನಲ್ಲಿ ಇಸ್ರೋ ಮತ್ತು ನಾಸಾ ಕೂಡಿ ಕಟ್ಟಿದ ನೈಸಾರ್ ಹಾರಿದವು. ೨೦೧೨ರಲ್ಲಿ ಬರ ನೋಡುವ ಕೆಲಸವನ್ನು ದೆಹಲಿಯ ರಾಷ್ಟ್ರೀಯ ಬೆಳೆ ಮುನ್ಸೂಚನಾ ಕೇಂದ್ರಕ್ಕೆ ವಹಿಸಲಾಯಿತು. ಬೆಳೆ ಕಟಾವಿಗೆ ಶಾಸ್ತ್ರ ಕೊಟ್ಟ ಮಹಲನೋಬಿಸರ ಹೆಸರನ್ನೇ ಆ ಕೇಂದ್ರಕ್ಕೆ ಇಟ್ಟಿದ್ದಾರೆ.

ಇಷ್ಟಾದ ಮೇಲೆ ಬರ ಕಾಣದೆ ಹೋಗುವುದುಂಟೇ ಎಂದರೆ, ಉಂಟು. ೨೦೨೩ರಲ್ಲಿ ನಾವೇ ಕಂಡೆವು. ಆ ವರ್ಷದ ಆಗಸ್ಟ್ ತಿಂಗಳು ೧೯೦೧ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ನಡುವೆ ಬಿದ್ದ ತುಂತುರಿಗೆ ಗಿಡ ಹಸಿರಾಗಿಯೇ ನಿಂತಿತ್ತು. ಬರದ ನಕ್ಷೆಗಳ ಬಗ್ಗೆ ಪಾಠ ಮಾಡಿದ ಮಾರನೆಯ ದಿನ ನಮ್ಮ ತರಗತಿಯ ಒಬ್ಬ ಹುಡುಗಿ ಮನೆಯ ಹೊಲದಿಂದ ಒಂದು ಶೇಂಗಾ ಗಿಡ ಕಿತ್ತು ತಂದಳು. "ನೋಡ್ರೀ ಮೇಡಂ, ಮ್ಯಾಲೆ ಹಸ್ರಾಗೈತೆ, ಕೆಳಗೆ ಏನೂ ಇಲ್ಲ" ಎಂದಳು. ನಿಜ, ಎಲೆಗಳು ಹಸಿರಾಗಿದ್ದವು. ಶೇಂಗಾ ಹೂವಿನ ಬುಡದಿಂದ ಒಂದು ಎಳೆ ಇಳಿದು ಮಣ್ಣಿಗೆ ಚುಚ್ಚಿಕೊಂಡರೆ ತಾನೇ ಕಾಯಿಯಾಗುವುದು? ನೆಲ ಕಲ್ಲಾಗಿದ್ದರಿಂದ ಆ ಎಳೆಗಳು ಮಣ್ಣಿಗಿಳಿಯಲಾರದೆ ಗಾಳಿಯಲ್ಲೇ ಒಣಗಿ ಜೋತಾಡುತ್ತಿದ್ದವು. ಉಪಗ್ರಹ ಹಸಿರನ್ನು ನೋಡಬಲ್ಲದು, ಕಾಯಿಯನ್ನು ನೋಡಲಾರದು. ಬರ ಪರಿಶೀಲನೆಗೆ ಬಂದ ಕೇಂದ್ರದ ತಂಡಗಳಿಗೆ ರಾಜ್ಯ ಸರ್ಕಾರ ಅಂದು ಹೇಳಿದ್ದೂ ಇದನ್ನೇ, ಇದು 'ಹಸಿರು ಬರ' ಎಂದು.

ಬಳ್ಳಾರಿ ಜಾಲಿಯದು ಇನ್ನೊಂದು ಮೋಸ. ಕೆರೆಯಂಗಳ, ಬೀಳು ಹೊಲ ಎಲ್ಲ ಹಬ್ಬಿಕೊಂಡು ಎಂಥ ಬರದಲ್ಲೂ ಅದು ಹಚ್ಚಗಿರುತ್ತದೆ. ದೊಡ್ಡ ಚುಕ್ಕಿಯ ಚಿತ್ರದಲ್ಲಿ ಅದೂ ಬೆಳೆಯ ಹಸಿರಿನ ಜೊತೆ ಸೇರಿಹೋಗುತ್ತದೆ. ಬೆಳೆ ಯಾವುದು, ಕಳೆ ಯಾವುದು ಎಂದು ಬೇರ್ಪಡಿಸುವ ನಕ್ಷೆಗಳನ್ನು ಈಗ ಮಾಡುತ್ತಾರೆ. ಆದರೂ ಹೊಲಕ್ಕೆ ಇಳಿದು ಗಿಡ ಕಿತ್ತು ನೋಡುವವರು ಬೇಕೇ ಬೇಕು. ೨೦೧೬ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಬರದ ಮೊಕದ್ದಮೆಯೊಂದರಲ್ಲಿ ತೀರ್ಪು ಕೊಟ್ಟು, ಬರ ನಿರ್ವಹಣೆಯ ಕೈಪಿಡಿಯನ್ನು ಪರಿಷ್ಕರಿಸಲು ಹೇಳಿತು. ಅದೇ ವರ್ಷ ಬಂದ ಹೊಸ ಕೈಪಿಡಿಯಲ್ಲಿ ಮೊದಲು ಮಳೆ, ಆಮೇಲೆ ಬಿತ್ತನೆ, ಉಪಗ್ರಹದ ಸೂಚ್ಯಂಕ, ಮಣ್ಣಿನ ತೇವ, ಕೆರೆ ಅಂತರ್ಜಲ. ಇವೆಲ್ಲ ಬರವೆಂದು ತೋರಿಸಿದ ಮೇಲೂ ಹಳ್ಳಿಗಳನ್ನು ಆರಿಸಿ ಹೊಲಗಳಲ್ಲಿ ಸಮೀಕ್ಷೆ ಮಾಡಬೇಕೆಂದಿದೆ. ಆಕಾಶದ ಕಣ್ಣು ಬಂದರೂ ಬದುವಿನ ಮೇಲೆ ನಿಲ್ಲುವ ಕಣ್ಣಿಗೆ ಕೆಲಸ ಉಳಿದಿದೆ.

ಈ ಅಂಕಿಗಳೆಲ್ಲ ನಮ್ಮ ಅಡಿಗೆಮನೆಗೆ ಹೇಗೆ ಬಂದು ಮುಟ್ಟುತ್ತವೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಶಾಲಾ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು ೨೦೦೪ರ ಏಪ್ರಿಲಿನಲ್ಲಿ ಆದೇಶಿಸಿತು. ಅಂದರೆ ತಾಲೂಕಿನ ಹೆಸರು ಬರದ ಪಟ್ಟಿಗೆ ಸೇರಿದರೆ ಮಗುವಿಗೆ ಏಪ್ರಿಲ್ ಮೇ ತಿಂಗಳಲ್ಲೂ ಬಿಸಿಯೂಟ. ೨೦೨೩ರಲ್ಲಿ ರಾಜ್ಯದ ೨೩೬ ತಾಲೂಕುಗಳಲ್ಲಿ ೨೨೩ ಆ ಪಟ್ಟಿಗೆ ಸೇರಿದವು, ನಮ್ಮದೂ ಸೇರಿತು. ೨೦೨೪ರ ಬೇಸಿಗೆಯಲ್ಲಿ ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ಮಕ್ಕಳು ತಟ್ಟೆ ಹಿಡಿದು ಕೂತಿದ್ದನ್ನು ನೋಡಿ, ಎಲ್ಲೋ ಮೇಲೆ ಸುತ್ತುವ ಯಂತ್ರಕ್ಕೂ ಈ ಸಾರು ಅನ್ನಕ್ಕೂ ನಂಟಿದೆಯಲ್ಲ ಎನಿಸಿತು. ಆಗಿನ ಉದ್ಯೋಗ ಖಾತ್ರಿ ಯೋಜನೆಯಲ್ಲೂ ಬರದ ತಾಲೂಕುಗಳಿಗೆ ೧೦೦ ದಿನದ ಕೆಲಸವನ್ನು ೧೫೦ ದಿನಕ್ಕೆ ಏರಿಸಲು ಅವಕಾಶವಿತ್ತು.

ಆದರೆ ಇದೇ ವರ್ಷದ ಇನ್ನೊಂದು ಲೆಕ್ಕವನ್ನೂ ಹೇಳಬೇಕು. ಮಳೆ ಕೈಕೊಟ್ಟದ್ದು ಆಗಸ್ಟಿನಲ್ಲಿ. ಬರದ ಘೋಷಣೆ ಸೆಪ್ಟೆಂಬರಿನಲ್ಲಿ ಶುರುವಾಯಿತು. ಇದು ಹಿಂದಿನವರು ಕನಸಿನಲ್ಲೂ ಎಣಿಸದ ವೇಗ. ಕೇಂದ್ರದ ಪರಿಹಾರದ ಹಣಕ್ಕಾಗಿ ರಾಜ್ಯ ೨೦೨೪ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ೩,೪೫೪ ಕೋಟಿ ರೂಪಾಯಿ ಬಿಡುಗಡೆಯಾದದ್ದು ಏಪ್ರಿಲ್ ಕೊನೆಗೆ. ಯಾರ ಕಡೆ ನ್ಯಾಯ ಎಂದು ತೂಗುವುದು ನನ್ನ ಕೆಲಸವಲ್ಲ. ಧಾತು ಬರದಿಂದ ಇಲ್ಲಿಯವರೆಗೆ ನೋಡುವ ಕಣ್ಣು ಎಷ್ಟು ಮುಂದೆ ಬಂದಿದೆ, ಬಡಿಸುವ ಕೈ ಎಷ್ಟು ಹಿಂದೆ ಉಳಿದಿದೆ ಎಂಬುದನ್ನಷ್ಟೇ ಇತಿಹಾಸದ ಮೇಷ್ಟರಾಗಿ ನಾನು ಹೇಳಬಲ್ಲೆ. ಆಗಸ್ಟಿನಿಂದ ಏಪ್ರಿಲಿಗೆ ಎಂಟು ತಿಂಗಳು. ಒಂದು ಶೈಕ್ಷಣಿಕ ವರ್ಷ ಹೆಚ್ಚುಕಡಿಮೆ ಮುಗಿದೇ ಹೋಗುತ್ತದೆ.

ಪಟ್ಟಣದಲ್ಲಿ ಕೂತು ಇದನ್ನು ಓದುತ್ತಿರುವ ಸೋದರಿಯರೇ, ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬಂದಾಗ, ತೊಗರಿಬೇಳೆಯ ಬೆಲೆ ಏರಿದಾಗ ಮಾತ್ರ ಬರ ನಮ್ಮ ಗಮನಕ್ಕೆ ಬರುತ್ತದೆ. ಕೆಲಸಕ್ಕೆ ಬರುವ ಹುಡುಗಿ ಯಾವ ಊರಿನವಳು, ಎಷ್ಟನೇ ತರಗತಿಗೆ ಶಾಲೆ ಬಿಟ್ಟಳು, ಅವಳ ಅಪ್ಪನ ಹೊಲದಲ್ಲಿ ಆ ವರ್ಷ ಏನು ಬೆಳೆ ಇತ್ತು ಎಂದು ಒಮ್ಮೆ ಕೇಳಿ ನೋಡಿ. ಯಾವ ಉಪಗ್ರಹದ ನಕ್ಷೆಯಲ್ಲೂ ಇಲ್ಲದ ವರದಿ ಅವಳ ಬಾಯಿಂದ ಬರುತ್ತದೆ. ಮುಂದಿನ ಸಲ ಆಗಸ್ಟಿನಲ್ಲಿ ಪತ್ರಿಕೆ ಬರದ ತಾಲೂಕುಗಳ ಪಟ್ಟಿ ಹಾಕಿದಾಗ ಪುಟ ಮಗುಚದೆ ನಿಮ್ಮ ತವರಿನ ತಾಲೂಕು ಅದರಲ್ಲಿದೆಯೇ ನೋಡಿ. ಇದ್ದರೆ, ಅಲ್ಲಿನ ಶಾಲೆಯಲ್ಲಿ ಬೇಸಿಗೆಯ ಊಟ ನಡೆಯುತ್ತಿದೆಯೇ ಎಂದು ಒಂದು ಮಾತು ವಿಚಾರಿಸಿ.